ಮೂವತ್ತೆಂಟನೇ ತುಂಡು

ಟಾಡ್ಮರ್ಡನ್ ಊರಿನ ಮೆಥಡಿಸ್ಟ್ ಹಾಲ್‌ನಲ್ಲಿ
ಮಂಗಳವಾರ ಸಂಜೆ ಆರೋ ಏಳೋ ಜನ ಸೇರಿ
ಮಡಚುವ ಮೇಜುಗಳ ಮೇಲೆ ಒಂದು ಕಣಿವೆ ಹರಡುತ್ತೇವೆ.
ಕಿಟಕಿಯಾಚೆಯ ಕಣಿವೆಯಲ್ಲಿ ಮ್ಯಾಂಚೆಸ್ಟರ್ ರೈಲು
ದಿನಾ ತಡ. ನಮ್ಮದು ಹೊತ್ತಿಗೆ ಸರಿಯಾಗಿ ಹೊರಡುತ್ತದೆ,
ಹೊರಟರೆ.

ನನ್ನ ಕಸುಬು ಹಲ್ಲು ಕಟ್ಟುವುದು.
ಬರ್ನ್ಲಿಯ ಲ್ಯಾಬಿನ ಹಿಂಬದಿ ಕೋಣೆಯಲ್ಲಿ
ಇಪ್ಪತ್ತಾರು ವರ್ಷ, ನೋಡದ ಬಾಯಿಗಳಿಗೆ
ಮೇಣ ತಿದ್ದಿ, ತಂತಿ ಬಗ್ಗಿಸಿ, ಒಸಡಿನ ಬಣ್ಣ ಹೊಂದಿಸಿ
ಪೊಟ್ಟಣ ಮಾಡಿ ಕಳಿಸಿದ್ದೇನೆ. ನಕ್ಕವರು ಯಾರೋ.
ಅದೇ ಚಿಮಟ, ಅದೇ ಅರ, ಸಂಜೆ ರೈಲಿಗೆ.

ಕಿಟ್ ಅಂದರೆ ಇಷ್ಟು: ಒಂದು ಚಪ್ಪಟೆ ಡಬ್ಬಿ,
ಎರಡು ಹಿತ್ತಾಳೆ ಹಾಳೆ, ಸೀಸದಂಥ ಹೊಗೆಕೊಳವೆ,
ಬಲ್ಲವನು ಬಲ್ಲವನಿಗೆ ಬರೆದಂಥ ಸೂಚನೆ.
ಎಂಜಿನ್ ಮಾತ್ರ ನೀವೇ ಊಹಿಸಿಕೊಳ್ಳಬೇಕು.
ಹದಿನಾಲ್ಕು ತಿಂಗಳು ಹಿಡಿಯಿತು ನನಗೆ.
ಒಂದು ಚಕ್ರ ಕಾರ್ಪೆಟ್ಟು ನುಂಗಿತು.
ಅಡುಗೆಮನೆ ಮೇಜಿನ ಸುಟ್ಟ ಕಲೆಯ ಮೇಲೆ
ಹೆಂಡತಿ ಹಣ್ಣಿನ ಬುಟ್ಟಿ ಇಟ್ಟಿದ್ದಾಳೆ, ಮಾತಿಲ್ಲದೆ.
ಮೂವತ್ತೆಂಟನೇ ತುಂಡು, ಬ್ರೇಕಿನ ಸನ್ನೆಗೋಲು,
ಡಬ್ಬಿಯಲ್ಲಿ ಇರಲೇ ಇಲ್ಲ;
ಹಲ್ಲಿನ ಕೊಕ್ಕೆತಂತಿಯಲ್ಲಿ ಮಾಡಿ ಕೂರಿಸಿದೆ.
ಮೂರನೇ ತಿರುವಿನಲ್ಲಿ ಕುಂಟುತ್ತದೆ ನನ್ನ ಎಂಜಿನ್,
ಹೊಸ ಚಪ್ಪಲಿ ಮೆಟ್ಟಿ ಮದುವೆಗೆ ಬಂದವನ ಹಾಗೆ.

"ಕೊಂಡವನ ಹತ್ತಿರ ರೈಲು ಇರುತ್ತೆ,
ಕಟ್ಟಿದವನಿಗೆ ರೈಲು ಗೊತ್ತಿರುತ್ತೆ."
ಕ್ಲಿಫ್ ಆರ್ಮರಾಡ್ ಪ್ರತಿ ಮಂಗಳವಾರ ಹೇಳುವ ಮಾತು,
ಬಾಯಲ್ಲಿ ಬಿಸ್ಕತ್ತು ಇರುವಾಗಲೇ.
ನಾನೂ ತಲೆದೂಗಿದ್ದೇನೆ, ವರ್ಷಗಟ್ಟಲೆ.
ಕುಂಟುವವನಿಗೂ ಒಂದು ಜಾತಿ ಬೇಕಲ್ಲ.

ಫಿಲಿಪಾ ಡಗ್‌ಡೇಲ್ ಬಸ್ಸು ಓಡಿಸುವವಳು.
ಕೊಂಡೇ ತಂದಳು: ಫೋಮಿನ ತೊಟ್ಟಿಲಲ್ಲಿ ಹಸಿರು ಎಂಜಿನ್,
ಕೂದಲಿನಷ್ಟು ಸಣ್ಣ ಕೈಕಂಬಿ.
ಹಳಿ ಮೇಲೆ ಇಟ್ಟಳು. ಹೋಯಿತು. ಅಷ್ಟೇ.
ಕ್ಲಿಫ್ ಕೆಮ್ಮಿದರು.
"ವಾರಕ್ಕೆ ಎರಡು ಗಂಟೆ ಸಿಗುತ್ತೆ ನನಗೆ," ಅಂದಳು,
"ಅಷ್ಟರಲ್ಲಿ ರೈಲು ಓಡಬೇಕು,
ಅಂಟು ಒಣಗೋದನ್ನ ನೋಡ್ತಾ ಕೂರಲಾರೆ."

ಫೆಬ್ರವರಿಯಲ್ಲಿ ಅದು ಸುರಂಗದೊಳಗೆ ನಿಂತಿತು.
ಯಾರೂ ನಗಲಿಲ್ಲ ಎಂದರೆ ಸುಳ್ಳು.
ನಾಲ್ಕು ತಿರುಪು ಬಿಚ್ಚಿ ಮೇಲ್ಚಿಪ್ಪು ಎತ್ತಿದೆ.
ತಂತಿಯೊಂದು ಬಿಟ್ಟಿತ್ತು. ಉಳಿದ ಐದು ಬೆಸುಗೆಯನ್ನು
ಭೂತಗನ್ನಡಿಯಲ್ಲಿ ನೋಡಿದೆ:
ಸಾಸಿವೆಯಂಥ ಹನಿಗಳು, ಪ್ರತಿಯೊಂದಕ್ಕೂ
ಸಣ್ಣದೊಂದು ಬಾಲ, ಎಡಕ್ಕೆ ಎಳೆದದ್ದು.

ಎಡಚ.
ಎಡಗೈಯಲ್ಲಿ ಬಳಪ ಹಿಡಿದದ್ದಕ್ಕೆ
ಹರಿಹರದ ಶಾಲೆಯಲ್ಲಿ ರೂಲುದೊಣ್ಣೆ ತಿಂದವನು ನಾನು;
ನನ್ನ ಬೆಸುಗೆಗೂ ಬಾಲ ಎಡಕ್ಕೇ.
ಡಬ್ಬಿಯ ಅಡಿಯಲ್ಲಿ ಚೀನಾ ಅಂತ ಮಾತ್ರ ಇತ್ತು.
ಅಲ್ಲಿ ಯಾವುದೋ ಸಾಲಿನಲ್ಲಿ, ಯಾವುದೋ ಸ್ಟೂಲಿನ ಮೇಲೆ
ಒಬ್ಬಳೋ ಒಬ್ಬನೋ, ಉಸಿರು ಹಿಡಿದು,
ಆ ದಿನದ ಎಷ್ಟನೆಯದೋ ಎಂಜಿನ್ನಿಗೆ
ಈ ಕೂದಲಿನಂಥ ಕಂಬಿ ಚುಚ್ಚಿದ್ದಾರೆ.
ಕಟ್ಟಿದವರಿಗೆ ಗೊತ್ತಿರುತ್ತೆ, ಸರಿ.
ಗೊತ್ತಿದ್ದವರ ಹತ್ತಿರ ರೈಲು ಉಳಿಯಲಿಲ್ಲ, ಅಷ್ಟೇ.

ಬಿಟ್ಟ ತಂತಿಯನ್ನು ಆ ಐದರ ಪಕ್ಕ ಕೂರಿಸಿ
ನನ್ನ ಬಾಲವನ್ನೂ ಎಳೆದೆ. ಆರಾಯಿತು.
"ಏನಾಗಿತ್ತು?" ಕ್ಲಿಫ್ ಕೇಳಿದರು.
"ತಂತಿ," ಅಂದೆ.
ಫಿಲಿಪಾಳದು ಸುರಂಗದಿಂದ ಹೊರಬಂತು.
ನನ್ನದು ಅದರ ಹಿಂದೆಯೇ,
ಮೂರನೇ ತಿರುವಿನಲ್ಲಿ ಒಮ್ಮೆ ಮುಗ್ಗರಿಸಿ.

ಮೇಜು ಮಡಚಿ, ಬೀಗ ಹಾಕಿ, ಕೊನೆಯ ಬಸ್ಸು ಹತ್ತಿದೆ.
ಎದುರು ಸೀಟಿನಲ್ಲಿ ಮುದುಕನೊಬ್ಬ ಸೇಬು ಕಚ್ಚುತ್ತಿದ್ದ,
ಕರ್ರ್ ಎಂದು, ಧೈರ್ಯವಾಗಿ.
ಇಳಿಯುವ ತನಕ ಅವನ ಹಲ್ಲನ್ನೇ ನೋಡಿದೆ.
ಕೇಳಲಿಲ್ಲ.